ಆ ಗ್ರಹದಾಗ ಯಾರಿದ್ದರು?

ದಸರೆಯ ರಜೆಗೆ ಮಗಳ ಮಕ್ಕಳಿಬ್ಬರೂ ರಾಮದುರ್ಗದಿಂದ ಬೈಲಹೊಂಗಲಕ್ಕೆ ಬಂದಿದ್ದರು. ಅಕ್ಕ ಒಂಬತ್ತನೆಯ ತರಗತಿ, ತಮ್ಮ ಆರನೆಯದು. ಬಂದ ದಿನವೇ ತಮ್ಮ ಚೀಲದಿಂದ ಇನ್ನೂರು ಪುಟದ ನೋಟ್‌ಬುಕ್ ತೆಗೆದ. ಮೇಲೆ ದಪ್ಪ ಅಕ್ಷರದಲ್ಲಿ ‘ನಕ್ಷತ್ರ ನೌಕಾಪಡೆ’ ಎಂದು ಬರೆದಿತ್ತು.

‘ಅಜ್ಜಾ, ಕಥಿ ಬರದೀನಿ. ಓದ್ಲಿ?’

‘ಓದಪಾ. ಅದಕ್ಕ ಕೇಳೂದೇನೈತಿ?’

ಮಕ್ಕಳೇ, ಆ ಕಥೆಯನ್ನು ನಿಮಗೆ ಚಿಕ್ಕದಾಗಿ ಹೇಳುತ್ತೇನೆ. ಸಾವಿರ ವರ್ಷಗಳ ನಂತರ ಆಕಾಶದಲ್ಲಿ ಒಂದು ಮಹಾ ಸಾಮ್ರಾಜ್ಯ. ಅದರ ಯುದ್ಧನೌಕೆಗೆ ಎಡಕ್ಕೆ ಐವತ್ತು, ಬಲಕ್ಕೆ ಐವತ್ತು ಲೇಸರ್ ಫಿರಂಗಿ. ಅದಕ್ಕೊಬ್ಬ ಶೂರ ಕ್ಯಾಪ್ಟನ್. ದೂರದಲ್ಲೊಂದು ಸಣ್ಣ ಗ್ರಹ, ಅಲ್ಲಿ ಹಡಗಿಗೆ ಬೇಕಾದ ಖನಿಜ. ರಾಜಧಾನಿಯಿಂದ ಫೋನ್ ಬರುತ್ತದೆ: ‘ಆ ಗ್ರಹ ಹಿಡಿ.’ ಗ್ರಹದವರು ಮಾತು ಕೇಳುವುದಿಲ್ಲ. ಕ್ಯಾಪ್ಟನ್ ಫಿರಂಗಿ ಹಾರಿಸುತ್ತಾನೆ. ಹತ್ತೇ ನಿಮಿಷದಲ್ಲಿ ಯುದ್ಧ ಮುಗಿದು ಧ್ವಜ ಏರುತ್ತದೆ.

ಓದಿ ಮುಗಿಸಿ ನನ್ನ ಮುಖ ನೋಡಿದ. ‘ಭಾಳ ಚಲೋ ಐತಿ,’ ಎಂದೆ. ಸುಳ್ಳು ಹೇಳಲಿಲ್ಲ. ಫಿರಂಗಿಗಳನ್ನು ಎಣಿಸಿಟ್ಟಿದ್ದ, ಹಡಗಿನ ಚಿತ್ರವನ್ನೂ ಬಿಡಿಸಿದ್ದ. ಆದರೆ ನನಗೊಂದು ಪ್ರಶ್ನೆ ಉಳಿಯಿತು.

‘ರಾಜಧಾನಿಯಿಂದ ಫೋನ್ ಮಾಡಿದ ಕೂಡಲೆ ಹತ್ತತೈತಿ ಅಂದ್ರ ಕ್ಯಾಪ್ಟನ್ ಯಾಕ ಬೇಕು? ಅಲ್ಲೇ ಕುಂತು ಅವರೇ ಎಲ್ಲಾ ಹೇಳಬೋದಲ್ಲ?’

ಅಲ್ಲೇ ಶೇಂಗಾ ಸುಲಿಯುತ್ತ ಕುಳಿತಿದ್ದ ಅಕ್ಕ ತಲೆಯೆತ್ತಿ ತಾನೂ ಒಂದು ಕೇಳಿದಳು. ‘ಲೇ, ಆ ಗ್ರಹದಾಗ ಯಾರಿದ್ದರು?’

‘ಯಾರೋ ಇದ್ದರು. ಅದನ್ನ ಬರದಿಲ್ಲ,’ ಎಂದ ಅವನು.

ಇಡೀ ರಜೆ ಈ ಎರಡು ಪ್ರಶ್ನೆಗಳಲ್ಲೇ ಕಳೆಯಿತು. ನನ್ನ ಪ್ರಶ್ನೆ ಸುಲಭದ್ದು, ಅದನ್ನು ಮೊದಲು ಹೇಳುತ್ತೇನೆ. ಅವಳದು ಕಠಿಣ.

ಬಾಹ್ಯಾಕಾಶದ ಕಥೆಗಳಲ್ಲಿ ಹಡಗು, ಕ್ಯಾಪ್ಟನ್, ನೌಕಾಪಡೆ ಎಂಬ ಮಾತುಗಳು ಏಕೆ ಬರುತ್ತವೆ ಗೊತ್ತೇ? ವಿಮಾನ, ಪೈಲಟ್ ಎನ್ನಬಹುದಿತ್ತಲ್ಲ? ಅವು ಹಾಯಿ ಹಡಗುಗಳ ಕಾಲದಿಂದ ಬಂದ ಮಾತುಗಳು. ಸಿ. ಎಸ್. ಫಾರೆಸ್ಟರ್ ಎಂಬ ಇಂಗ್ಲಿಷ್ ಲೇಖಕರು 1937ರಲ್ಲಿ ಹಾರ್ನ್‌ಬ್ಲೋವರ್ ಎಂಬ ನೌಕಾಧಿಕಾರಿಯ ಮೊದಲ ಕಾದಂಬರಿ ಬರೆದರು. ಫ್ರಾನ್ಸಿನ ನೆಪೋಲಿಯನ್ ಜೊತೆ ಇಂಗ್ಲೆಂಡ್ ಕಾದಾಡುತ್ತಿದ್ದ ಕಾಲದ ಕಥೆ ಅದು. 1966ರಲ್ಲಿ ಅಮೆರಿಕದ ಟಿವಿಯಲ್ಲಿ ‘ಸ್ಟಾರ್ ಟ್ರೆಕ್’ ಶುರುವಾಯಿತು. ಅದನ್ನು ಸೃಷ್ಟಿಸಿದ ಜೀನ್ ರಾಡೆನ್‌ಬೆರಿ ತಮ್ಮ ಕ್ಯಾಪ್ಟನ್ ಕರ್ಕ್‌ನನ್ನು ಆ ಹಾರ್ನ್‌ಬ್ಲೋವರನ ಅಚ್ಚಿನಲ್ಲೇ ತೆಗೆದರು. 1993ರಲ್ಲಿ ಡೇವಿಡ್ ವೆಬರ್ ಎಂಬವರು ಆನರ್ ಹ್ಯಾರಿಂಗ್ಟನ್ ಎಂಬ ಮಹಿಳಾ ಕ್ಯಾಪ್ಟನ್ನಳ ಆಕಾಶಯುದ್ಧದ ಕಾದಂಬರಿ ಬರೆದು, ಅದನ್ನು ಫಾರೆಸ್ಟರ್ ಅವರಿಗೇ ಅರ್ಪಿಸಿದರು. ನನ್ನ ಮೊಮ್ಮಗ ಈ ಯಾರನ್ನೂ ಓದಿಲ್ಲ. ಆದರೆ ಅವನು ನೋಡುವ ಕಾರ್ಟೂನುಗಳಿಗೆ ಇವರೆಲ್ಲ ಅಜ್ಜ, ಮುತ್ತಜ್ಜ ಆಗಬೇಕು.

ಇವರು ಹಾಯಿ ಹಡಗನ್ನೇ ಏಕೆ ಹಿಡಿದರು? ದೂರಕ್ಕಾಗಿ. ಬೆಳಕು ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಅದಕ್ಕಿಂತ ಬೇಗ ಯಾವ ಸುದ್ದಿಯೂ ಹೋಗದು. ಚಂದ್ರನಿಗೆ ಮಾತು ಮುಟ್ಟಲು ಸುಮಾರು 1.3 ಸೆಕೆಂಡು ಸಾಕು. ಮಂಗಳನಿಗೆ, ಅದು ಹತ್ತಿರವಿದ್ದಾಗ 3 ನಿಮಿಷ, ದೂರವಿದ್ದಾಗ 22 ನಿಮಿಷ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರಕ್ಕೆ 4 ವರ್ಷ ದಾಟುತ್ತದೆ. ಅಲ್ಲಿಗೆ ‘ಊಟ ಆತೇನು?’ ಎಂದು ಕೇಳಿದರೆ ಉತ್ತರ ಬರುವ ಹೊತ್ತಿಗೆ ಆರನೆಯ ತರಗತಿಯ ಹುಡುಗ ಕಾಲೇಜು ಮೆಟ್ಟಿಲು ಏರಿರುತ್ತಾನೆ.

ಹಾಯಿ ಹಡಗಿನ ಕಾಲವೂ ಹೀಗೇ ಇತ್ತು. ಮುಂಬೈಯಿಂದ ಲಂಡನ್ನಿಗೆ ಒಂದು ಕಾಗದ ಹೋಗಬೇಕಾದರೆ ಆಫ್ರಿಕಾದ ತುದಿ ಸುತ್ತಿ ನಾಲ್ಕರಿಂದ ಆರು ತಿಂಗಳು. ಉತ್ತರ ಬರಲು ಮತ್ತೆ ಅಷ್ಟೇ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಮುಂಬೈಗೂ ಲಂಡನ್ನಿಗೂ ಸಮುದ್ರದಡಿಯ ತಂತಿ ಕೂಡಿದ್ದು 1870ರಲ್ಲಿ. ಅದಕ್ಕೆ ಮುಂಚೆ ದೂರದ ಸಮುದ್ರದಲ್ಲಿದ್ದ ಕ್ಯಾಪ್ಟನ್ ಯಾರನ್ನೂ ಕೇಳುವಂತಿರಲಿಲ್ಲ. ತಾನೇ ತೀರ್ಮಾನಿಸಬೇಕು, ತಪ್ಪಾದರೆ ತಾನೇ ಹೊರಬೇಕು. ಕ್ಯಾಪ್ಟನ್ ಕಥಾನಾಯಕನಾದದ್ದು ಈ ಕಾರಣಕ್ಕೆ.

ಇದರಿಂದ ಎಂಥ ಅನಾಹುತವಾಗುತ್ತಿತ್ತು ಕೇಳಿ. 1814ರ ಡಿಸೆಂಬರ್ 24ರಂದು ಇಂಗ್ಲೆಂಡ್ ಮತ್ತು ಅಮೆರಿಕದ ಪ್ರತಿನಿಧಿಗಳು ಯುರೋಪಿನ ಘೆಂಟ್ ನಗರದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಆ ಸುದ್ದಿ ಅಟ್ಲಾಂಟಿಕ್ ಸಾಗರ ದಾಟುವ ಮುಂಚೆಯೇ, 1815ರ ಜನವರಿ 8ರಂದು, ಅಮೆರಿಕದ ನ್ಯೂ ಓರ್ಲಿಯನ್ಸ್‌ನಲ್ಲಿ ಎರಡೂ ಸೈನ್ಯಗಳು ಕಾದಾಡಿದವು. ಬಹಳ ಜನ ಸತ್ತರು. ಅವರ ಪಾಲಿಗೆ ಸುದ್ದಿ ತಡವಾಯಿತು, ಅಷ್ಟೇ.

ನಮ್ಮ ಮಂಗಳಯಾನದ ಕಥೆಯೂ ಇದೇ ದಾರಿಯದು. 2013ರ ನವೆಂಬರ್ 5ರಂದು ಹೊರಟ ನೌಕೆ 2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿತು. ಆ ಹೊತ್ತಿಗೆ ಸಂದೇಶ ಮುಟ್ಟಲು ಸುಮಾರು 12 ನಿಮಿಷ ಬೇಕಿತ್ತು. ಏನಾದರೂ ಕೆಟ್ಟರೆ ನಮಗೆ ಗೊತ್ತಾಗುವ ಹೊತ್ತಿಗೆ ಆಗಿಹೋಗಿರುತ್ತಿತ್ತು. ಅದಕ್ಕೇ ಇಸ್ರೋದವರು ಯಾವಾಗ ತಿರುಗಬೇಕು, ಎಷ್ಟು ಹೊತ್ತು ಇಂಜಿನ್ ಉರಿಸಬೇಕು ಎಂಬುದನ್ನೆಲ್ಲ ಮುಂಚೆಯೇ ಕಳಿಸಿಟ್ಟಿದ್ದರು. ಮಂಗಳನ ಮರೆಯಲ್ಲಿ ನೌಕೆ ಒಂಟಿಯಾಗಿ ಆ ಕೆಲಸ ಮಾಡಿತು. ಇಲ್ಲಿದ್ದವರು ಗಡಿಯಾರ ನೋಡುತ್ತ ಕಾದರು.

‘ಹಂಗಾದ್ರ ಫೋನ್ ತಗದ್‌ಬಿಡ್ತೀನಿ,’ ಎಂದ ಮೊಮ್ಮಗ. ತೆಗೆದ ಮೇಲೆ ಕಥೆ ಅವನ ಕೈಯಲ್ಲೇ ಬೆಳೆಯಿತು. ಕ್ಯಾಪ್ಟನ್ನನಿಗೆ ಆಜ್ಞೆ ಬಂದದ್ದು ಮೂರು ವರ್ಷದ ಹಿಂದೆ. ಈಗ ರಾಜಧಾನಿಯಲ್ಲಿ ಅದೇ ಅರಸ ಇದ್ದಾನೋ ಇಲ್ಲವೋ, ಅದೂ ತಿಳಿಯದು.

ಮಕ್ಕಳೇ, ಕಥೆಗಾಗಿ ಒಂದು ಲೋಕ ಕಟ್ಟುವುದೆಂದರೆ ಫಿರಂಗಿ ಎಣಿಸುವುದಷ್ಟೇ ಅಲ್ಲ. ಅಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಮೊದಲು ಗೆರೆ ಹಾಕಬೇಕು. ದೂರ ಮೊದಲನೆಯ ಗೆರೆ. ಹೊಟ್ಟೆ ಎರಡನೆಯದು.

ಅದನ್ನು ನಾನು ಕಲಿತದ್ದು ಚಕ್ಕಡಿಯಲ್ಲಿ. ನಾನು ಸಣ್ಣವನಿದ್ದಾಗ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದೆವು. ಹೊರಡುವ ಮುಂಚೆ ನಮ್ಮವ್ವ ಎಣಿಸಿ ಎಣಿಸಿ ಇಡುತ್ತಿದ್ದಳು. ಖಡಕ್ ರೊಟ್ಟಿಯ ಬುಟ್ಟಿ, ಶೇಂಗಾ ಚಟ್ನಿ, ಕಡಬು, ನೀರಿನ ಕೊಡ, ಎತ್ತಿಗೆ ಮೇವು, ಗಾಲಿಗೆ ಎಣ್ಣೆ. ಒಂದು ಮರೆತರೂ ನಡುದಾರಿಯಲ್ಲಿ ಸಿಗುವುದಿಲ್ಲ. ಮೊಮ್ಮಗನ ಹಡಗಿನಲ್ಲಿ ನೂರು ಫಿರಂಗಿ ಇದ್ದವು, ಅಡಿಗೆಮನೆಯೇ ಇರಲಿಲ್ಲ.

ಹಾಯಿ ಹಡಗಿನವರೂ ನಮ್ಮ ಖಡಕ್ ರೊಟ್ಟಿಯಂಥದ್ದನ್ನೇ ಒಯ್ಯುತ್ತಿದ್ದರು. ಗೋದಿ ಹಿಟ್ಟನ್ನು ನೀರು ಉಳಿಯದಂತೆ ಸುಟ್ಟ ಗಟ್ಟಿ ಬಿಸ್ಕತ್ತು, ಜೊತೆಗೆ ಉಪ್ಪು ಹಾಕಿದ ಮಾಂಸ. ತಿಂಗಳುಗಟ್ಟಲೆ ಹಸಿ ಕಾಯಿಪಲ್ಲೆ, ಹಣ್ಣು ಇಲ್ಲದೆ ಒಸಡು ಊದಿ ರಕ್ತ ಬಂದು ಹಲ್ಲು ಉದುರುತ್ತಿದ್ದವು. ಎಷ್ಟೋ ಸಲ ಯುದ್ಧಕ್ಕಿಂತ ಹೆಚ್ಚು ನಾವಿಕರನ್ನು ಈ ಸ್ಕರ್ವಿ ರೋಗವೇ ಕೊಂದಿತು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯರು ರೋಗಿಗಳಿಗೆ ಬೇರೆ ಬೇರೆ ಪದಾರ್ಥ ಕೊಟ್ಟು ನೋಡಿದರು. ಕಿತ್ತಳೆ, ನಿಂಬೆ ತಿಂದವರು ಬೇಗ ಎದ್ದು ಕುಳಿತರು. ಆದರೂ ಬ್ರಿಟಿಷ್ ನೌಕಾಪಡೆ ಎಲ್ಲರಿಗೂ ನಿಂಬೆರಸ ಕೊಡುವ ನಿಯಮ ಮಾಡಿದ್ದು 1795ರಲ್ಲಿ. ನಿಂಬೆಹಣ್ಣು ಕಣ್ಣೆದುರಿಗಿದ್ದೂ ಇಷ್ಟು ವರ್ಷ ಬೇಕಾಯಿತು.

ಇನ್ನು ಹಡಗನ್ನು ಯಾವುದರಿಂದ ಕಟ್ಟಿದರು? ಅದೂ ಒಂದು ಗೆರೆ. ಮುಂಬೈ ಬಂದರಿನಲ್ಲಿ ವಾಡಿಯಾ ಮನೆತನದ ಪಾರ್ಸಿ ಕುಶಲಿಗರು ಬ್ರಿಟಿಷ್ ನೌಕಾಪಡೆಗೇ ಯುದ್ಧನೌಕೆ ಕಟ್ಟಿಕೊಡುತ್ತಿದ್ದರು. ಅವುಗಳಿಗೆ ಬೇಕಾದದ್ದು ಪಶ್ಚಿಮ ಘಟ್ಟದ ಸಾಗವಾನಿ. ಆ ಮರ ಕೈ ತಪ್ಪಬಾರದೆಂದು ಕಂಪನಿ ಸರಕಾರ 1806ರಲ್ಲಿ ಮಲಬಾರಿನ ಕಾಡಿಗೆ ಒಬ್ಬ ಅಧಿಕಾರಿಯನ್ನೇ ನೇಮಿಸಿತು. 1817ರಲ್ಲಿ ಮುಂಬೈಯಲ್ಲಿ ನೀರಿಗಿಳಿದ ‘ಟ್ರಿಂಕೊಮಲಿ’ ಎಂಬ ಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ. ಘಟ್ಟದ ಸಾಗವಾನಿ ಇನ್ನೂರು ವರ್ಷ ದಾಟಿದರೂ ಜಗ್ಗಿಲ್ಲ.

‘ಅಂದ್ರ ನನ್ನ ಕಥಿಯಾಗ ಖನಿಜ ಇದ್ದಂಗ, ಅವರಿಗೆ ಸಾಗವಾನಿ,’ ಎಂದ ಮೊಮ್ಮಗ.

‘ಹೌದು. ಮರ ಇರೋ ಕಾಡಿನಾಗ ಜನ ಇರ್ತಾರಲ್ಲ ಮತ್ತ?’ ಎಂದಳು ಅಕ್ಕ. ಅವಳು ತನ್ನ ಪ್ರಶ್ನೆ ಬಿಟ್ಟಿರಲಿಲ್ಲ.

ಗಾಳಿಯೂ ಒಂದು ಗೆರೆಯೇ. ಹಾಯಿ ಹಡಗು ಬೇಕೆಂದಾಗ ಹೊರಡುತ್ತಿರಲಿಲ್ಲ. ಅರಬ್ಬಿ ಸಮುದ್ರದಲ್ಲಿ ಗಾಳಿ ಅರ್ಧ ವರ್ಷ ನೈಋತ್ಯದಿಂದ, ಅರ್ಧ ವರ್ಷ ಈಶಾನ್ಯದಿಂದ. ಗಾಳಿ ತಿರುಗುವ ತನಕ ಬಂದರಿನಲ್ಲೇ ಕಾಯಬೇಕು. ಆಕಾಶದಲ್ಲಿ ಗಾಳಿಯಿಲ್ಲ, ಆದರೆ ಕಾಯುವುದು ತಪ್ಪಿಲ್ಲ. ಭೂಮಿ ಮತ್ತು ಮಂಗಳ ಸರಿಯಾದ ಜಾಗಕ್ಕೆ ಬರುವುದು ಸುಮಾರು 26 ತಿಂಗಳಿಗೊಮ್ಮೆ. ಆಗ ಹೊರಟರೆ ಕಡಿಮೆ ಇಂಧನದಲ್ಲಿ ಮುಟ್ಟಬಹುದು. ಮಂಗಳಯಾನವೂ ಅಂಥದೇ ಹೊತ್ತು ನೋಡಿ ಹೊರಟಿತ್ತು. ಹದ ನೋಡಿ ಬಿತ್ತುವ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ಅಜ್ಜಾ, ನಮ್ಮ ಕಡೆ ಸಮುದ್ರನ ಇಲ್ಲ. ನಮಗ್ಯಾಕ ಹಡಗಿನ ಕಥಿ?’ ಇದು ಮೊಮ್ಮಗನ ಇನ್ನೊಂದು ತಕರಾರು.

ಸಮುದ್ರ ಇಲ್ಲ, ನಿಜ. ಹೊಳೆ ಇದೆಯಲ್ಲ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ನಿಂತು, ರಾಮದುರ್ಗ ದಾಟಿ, ಮುಂದೆ ಐಹೊಳೆಗೆ ಹೋಗುತ್ತಾಳೆ. ಐಹೊಳೆಯ ಮೇಗುತಿ ಗುಡಿಯಲ್ಲಿ 634ರ ಶಾಸನವಿದೆ. ರವಿಕೀರ್ತಿ ಬರೆದದ್ದು. ಇಮ್ಮಡಿ ಪುಲಕೇಶಿ ನೂರಾರು ಹಡಗುಗಳನ್ನು ತಂದು ಪಡುವಣ ಕಡಲಿನ ಪುರಿ ಎಂಬ ನಗರವನ್ನು ಮುತ್ತಿದ ಎಂದು ಅದರಲ್ಲಿದೆ. ರಾಮದುರ್ಗದ ಹುಡುಗ ದಿನಾ ನೋಡುವ ಹೊಳೆಯ ದಂಡೆಯಲ್ಲೇ ಒಂದು ನೌಕಾಯುದ್ಧ ಕಲ್ಲಿನ ಮೇಲೆ ಕುಳಿತಿದೆ.

ಅದೇ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ನದಿ ಗೋವೆಗೆ ಇಳಿದು ಮಾಂಡೋವಿಯಾಗುತ್ತದೆ. ಆ ನದಿಯ ಹೆಸರನ್ನೇ ನಮ್ಮ ನೌಕಾಪಡೆ ಒಂದು ಹಾಯಿ ದೋಣಿಗೆ ಇಟ್ಟಿತು: ‘ಮ್ಹಾದೇಯಿ.’ ಅದರಲ್ಲಿ ದಿಲೀಪ್ ದೋಂದೆ 2009–10ರಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದರು. 2012–13ರಲ್ಲಿ ಅಭಿಲಾಷ್ ಟಾಮಿ ಎಲ್ಲಿಯೂ ನಿಲ್ಲದೆ ಸುತ್ತಿದರು. ಆಮೇಲೆ ‘ತಾರಿಣಿ’ ಎಂಬ ಅಂಥದೇ ದೋಣಿಯಲ್ಲಿ 2017–18ರಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು ಸುತ್ತಿದರು. ಇದನ್ನು ಕೇಳಿ ಅಕ್ಕ ತಮ್ಮನ ಕಡೆ ನೋಡಿದಳು. ಅವನ ಹಡಗಿನಲ್ಲಿ ಒಬ್ಬ ಹುಡುಗಿಯೂ ಇರಲಿಲ್ಲ.

ಹಡಗಿಗೆ ಯಾರ ಹೆಸರಿಡುತ್ತಾರೆ ಎಂಬುದರಿಂದ ಆ ಜನ ಯಾರನ್ನು ಗೌರವಿಸುತ್ತಾರೆಂದು ತಿಳಿಯುತ್ತದೆ. ನಮ್ಮ ಕರಾವಳಿ ಕಾವಲು ಪಡೆಯಲ್ಲಿ ‘ಅಕ್ಕಾದೇವಿ’ ಎಂಬ ಹಡಗು ಇತ್ತು. 11ನೆಯ ಶತಮಾನದಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ ಚಾಲುಕ್ಯರ ಅಕ್ಕಾದೇವಿ ಅವಳು. ಅದೇ ಪಡೆಯಲ್ಲಿ ಇನ್ನೊಂದು ಹಡಗಿಗೆ ‘ಕಿತ್ತೂರು ಚೆನ್ನಮ್ಮ’ ಎಂಬ ಹೆಸರಿತ್ತು.

ಆ ಹೆಸರು ಬಂದ ಮೇಲೆ ಕಿತ್ತೂರಿಗೆ ಹೋಗದೆ ಇರಲಾದೀತೆ? ಅಕ್ಟೋಬರ್ 23ರ ಉತ್ಸವದ ಗದ್ದಲಕ್ಕೆ ಮುಂಚೆಯೇ ಒಂದು ದಿನ ಬೆಳಿಗ್ಗೆ ಮೂವರೂ ಬಸ್ಸು ಹತ್ತಿದೆವು.

ಕೋಟೆಯೊಳಗೆ ಅರಮನೆಯ ಗೋಡೆಗಳಷ್ಟೇ ಉಳಿದಿವೆ. ಅಲ್ಲೊಂದು ಗೋಡೆಯಲ್ಲಿ ಕೊಳವೆಯಂಥ ಕಿಂಡಿ. ಅದರೊಳಗಿಂದ ಧ್ರುವ ನಕ್ಷತ್ರ ನೋಡುತ್ತಿದ್ದರು. ಮೊಮ್ಮಗ ಕಣ್ಣಿಟ್ಟು ನೋಡಿದ. ಹಗಲಾದ್ದರಿಂದ ಬರೀ ಬಿಳಿ ಮೋಡ ಕಂಡಿತು.

ಧ್ರುವ ನಕ್ಷತ್ರ ನಾವಿಕರ ಗೆಳೆಯ. ಅದು ದಿಗಂತದಿಂದ ಎಷ್ಟು ಡಿಗ್ರಿ ಎತ್ತರದಲ್ಲಿದೆಯೋ, ನೀವು ಭೂಮಧ್ಯರೇಖೆಯಿಂದ ಸರಿಸುಮಾರು ಅಷ್ಟೇ ಡಿಗ್ರಿ ಉತ್ತರದಲ್ಲಿದ್ದೀರಿ. ಅರಬ್ಬಿ ಸಮುದ್ರದ ನಾವಿಕರು ಒಂದು ಹಲಗೆಗೆ ಗಂಟು ಹಾಕಿದ ದಾರ ಕಟ್ಟಿ, ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಈ ಎತ್ತರ ಅಳೆಯುತ್ತಿದ್ದರು. ಆ ಸಾಧನಕ್ಕೆ ಕಮಾಲ್ ಎಂದು ಹೆಸರು. ನೀವೂ ಅಳೆಯಬಹುದು. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಧ್ರುವ ನಕ್ಷತ್ರ ಉತ್ತರದ ದಿಗಂತದಿಂದ ಸುಮಾರು ಒಂದೂವರೆ ಮುಷ್ಟಿ ಮೇಲಿರುತ್ತದೆ. ಅಲ್ಲಿಂದ ಬೆಳಕು ಬರಲು ಸುಮಾರು 400 ವರ್ಷ ಬೇಕು. ನಾವು ಇಂದು ನೋಡುವ ಬೆಳಕು 1824ರಲ್ಲಿ ಹೆಚ್ಚುಕಡಿಮೆ ಅರ್ಧ ದಾರಿಯಲ್ಲಿತ್ತು.

ಆ 1824ರ ಮಾತನ್ನು ಅಲ್ಲೇ ಗೋಡೆಯ ನೆರಳಲ್ಲಿ ಕುಳಿತು ಹೇಳಿದೆ. ಮಲ್ಲಸರ್ಜ ದೇಸಾಯಿಯ ಮಗ ಶಿವಲಿಂಗ ರುದ್ರಸರ್ಜ ಆ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಂಡಿದ್ದರು. ಧಾರವಾಡದಲ್ಲಿದ್ದ ಕಂಪನಿಯ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಖಜಾನೆಗೆ ಮುದ್ರೆ ಒತ್ತಿದ, ಫಿರಂಗಿ ತಂದು ಕೋಟೆಯ ಬಾಗಿಲಲ್ಲಿ ನಿಲ್ಲಿಸಿದ. ಅಕ್ಟೋಬರ್ 23ರಂದು ಬಾಗಿಲು ತೆರೆಯಿತು, ಚೆನ್ನಮ್ಮನ ಪಡೆ ಹೊರಗೆ ನುಗ್ಗಿತು. ಥ್ಯಾಕರೆ ಸತ್ತ.

ಸ್ಟೀವನ್‌ಸನ್, ಎಲಿಯಟ್ ಎಂಬ ಅವನ ಇಬ್ಬರು ಸಹಾಯಕರು ಸೆರೆ ಸಿಕ್ಕರು. ಕೋಟೆಯೊಳಗೆ ಅವರಿಗೆ ಕೇಡಾಗಲಿಲ್ಲ. ಡಿಸೆಂಬರಿನಲ್ಲಿ ಬಿಡುಗಡೆಯಾದರು. ಆಗ ಇಪ್ಪತ್ತೊಂದರ ತರುಣನಾಗಿದ್ದ ಆ ವಾಲ್ಟರ್ ಎಲಿಯಟ್ ಮುಂದೆ ನಮ್ಮ ಕನ್ನಡ ಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿ ಕೂಡಿಸಿಟ್ಟ ವಿದ್ವಾಂಸರಾದರು. ಆದರೆ ಕಂಪನಿ ಯುದ್ಧ ನಿಲ್ಲಿಸಲಿಲ್ಲ. ದೊಡ್ಡ ಸೈನ್ಯ ಬಂದು ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಹಿಡಿಯಿತು.

‘ಈಗ ನೀನ ಲೆಕ್ಕಾ ಹಾಕು,’ ಎಂದೆ ಮೊಮ್ಮಗನಿಗೆ. ‘ಅಕ್ಟೋಬರ್ ಕಡೀಗೆ ಇಲ್ಲಿಂದ ಕಾಗದ ಹೊಂಟ್ರ ಲಂಡನ್ನಿಗೆ ಯಾವಾಗ ಮುಟ್ಟತೈತಿ?’

ಬೆರಳು ಮಡಿಚಿ ಎಣಿಸಿದ. ‘ನಾಕು ತಿಂಗಳು... ಫೆಬ್ರುವರಿ, ಮಾರ್ಚ್. ತಡಾ ಆದ್ರ ಏಪ್ರಿಲ್.’

‘ಕೋಟೆ ಬಿದ್ದದ್ದು?’

‘ಡಿಸೆಂಬರ್.’ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ ಕೇಳಿದ, ‘ಅಂದ್ರ ಲಂಡನ್ನಿನವರಿಗೆ ಗೊತ್ತಾಗೂದ್ರಾಗ ಎಲ್ಲಾ ಮುಗದಿತ್ತು?’

ಹೌದು. ಮುಂಬೈ, ಪುಣೆಯ ಅಧಿಕಾರಿಗಳು ಕೆಲವು ದಿನಗಳ ದಾರಿಯಲ್ಲಿದ್ದರು. ಲಂಡನ್ನಿನವರು ಅರ್ಧ ವರ್ಷದಾಚೆ. ಸ್ಥಳದಲ್ಲಿದ್ದವರು ತೀರ್ಮಾನಿಸಿದರು. ಕಥೆಯ ಕ್ಯಾಪ್ಟನ್ನನನ್ನು ಶೂರನನ್ನಾಗಿ ಮಾಡಿದ ದೂರವೇ ಇಲ್ಲಿ ಥ್ಯಾಕರೆಯನ್ನೂ ತಯಾರು ಮಾಡಿತು. ಕೇಳುವವರು ಹತ್ತಿರ ಇಲ್ಲದಾಗ ಒಬ್ಬ ಎಂಥವನು ಎಂಬುದು ಹೊರಬೀಳುತ್ತದೆ.

ಮೊಮ್ಮಗ ನೋಟ್‌ಬುಕ್ ತಂದಿದ್ದ. ತೆರೆಯಲಿಲ್ಲ. ‘ಅಜ್ಜಾ, ನನ್ನ ಕ್ಯಾಪ್ಟನ್ ಥ್ಯಾಕರೆ ಆಗ್ಯಾನಲ್ಲ,’ ಎಂದ.

ಅಕ್ಕ ನಗುತ್ತಾಳೆಂದು ನಾನು ಎಣಿಸಿದ್ದೆ. ಅವಳು ನಗಲಿಲ್ಲ. ‘ಆ ಗ್ರಹ ಕಿತ್ತೂರಲೇ. ಅದಕ್ಕ ಕೇಳಿದ್ದೆ, ಯಾರಿದ್ದರು ಅಂತ,’ ಎಂದಳು.

ಅವನ ಮುಖ ಸಣ್ಣದಾಯಿತು. ‘ಹಂಗಾದ್ರ ನನ್ನ ಕ್ಯಾಪ್ಟನ್ ಸೋಲಬೇಕೇನು? ಅಂವ ಕೆಟ್ಟಾಂವ ಏನು?’

ಇದಕ್ಕೆ ಉತ್ತರ ಕೊಡುವುದು ಕಷ್ಟವಾಯಿತು. ಆರನೆಯ ತರಗತಿಯ ಹುಡುಗ ಆರು ತಿಂಗಳು ಪ್ರೀತಿಯಿಂದ ಬರೆದ ನಾಯಕ ಅವನು. ‘ಬರೀಬ್ಯಾಡ’ ಎಂದರೆ ಪೆನ್ನು ಕೆಳಗಿಟ್ಟುಬಿಡುತ್ತಾನೆ. ‘ಇರಲಿ ಬಿಡು, ಬರೀ ಕಥಿ’ ಎಂದರೆ ಸುಳ್ಳಾಗುತ್ತದೆ. ಹಾಯಿ ಹಡಗಿನ ಕಥೆಗಳೆಲ್ಲ ಹಡಗಿನ ಮೇಲೆ ನಿಂತು ಹೇಳಿದವು. ದಂಡೆಯ ಮೇಲೆ ನಿಂತವರಿಗೆ ಆ ಹಡಗು ಹೇಗೆ ಕಂಡಿತು ಎಂಬುದನ್ನು ಹೇಳಿದವು ಕಡಿಮೆ. ನಾವು ದಂಡೆಯವರ ಮೊಮ್ಮಕ್ಕಳು.

‘ಸೋಲಬೇಕಂತಿಲ್ಲ, ಕೆಟ್ಟಾಂವ ಆಗಬೇಕಂತನೂ ಇಲ್ಲ,’ ಎಂದೆ. ‘ಆದ್ರ ಫಿರಂಗಿ ಹಾರಸೂ ಮುಂಚೆ ಅಲ್ಲಿ ಯಾರದಾರ ಅನ್ನೂದು ಅವಗ ಗೊತ್ತಿರಬೇಕು. ಅವಗ ಗೊತ್ತಿಲ್ಲಂದ್ರ ಬರಿಯೂ ನಿನಗರ ಗೊತ್ತಿರಬೇಕು.’

ಸಂಜೆ ಬೈಲಹೊಂಗಲಕ್ಕೆ ಮರಳಿದ ಮೇಲೆ ಚೆನ್ನಮ್ಮನ ಸಮಾಧಿಗೆ ಹೋದೆವು. ಕಿತ್ತೂರು ಬಿದ್ದ ಮೇಲೆ ಅವಳನ್ನು ನಮ್ಮ ಈ ಊರಿನ ಕೋಟೆಯಲ್ಲೇ ಸೆರೆಯಿಟ್ಟಿದ್ದರು. 1829ರ ಫೆಬ್ರುವರಿಯಲ್ಲಿ ಅವಳು ಇಲ್ಲೇ ತೀರಿಕೊಂಡಳು. ಇದೇ ತಾಲೂಕಿನ ಸಂಗೊಳ್ಳಿಯ ರಾಯಣ್ಣ ಆಮೇಲೂ ಆ ದತ್ತು ಮಗನಿಗಾಗಿ ಕಾದಾಡಿ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ.

ಸಮಾಧಿಯ ಮುಂದೆ ಮೊಮ್ಮಗ ಕೇಳಿದ, ‘ಅಜ್ಜಾ, ಅಕಿ ನಾಕು ವರ್ಷ ಜೇಲಿನ್ಯಾಗ ಇದ್ದಳಲ್ಲ. ಅಷ್ಟ್ರಾಗ ಲಂಡನ್ನಿಗೆ ಕಾಗದ ಹೋಗಿ ಬರಬೋದಾಗಿತ್ತು.’

‘ನಾಕು ಸಲ ಹೋಗಿ ಬರಬೋದಾಗಿತ್ತು,’ ಎಂದೆ. ‘ಅಕಿಗೆ ಬೇಕಾದ ಉತ್ರ ಬರಲಿಲ್ಲ.’

ಆಗ ನನಗೂ ಒಂದು ಮಾತು ಹೊಳೆಯಿತು. ಎಲ್ಲವನ್ನೂ ದೂರದ ಮೇಲೆ ಹಾಕಿ ಕೈತೊಳೆದುಕೊಳ್ಳಲಾಗದು. ಮೊದಲ ಎರಡು ತಿಂಗಳು ಸುದ್ದಿ ತಡವಾಯಿತು ಎನ್ನಬಹುದು. ನಾಲ್ಕು ವರ್ಷಕ್ಕೆ ಆ ನೆಪ ಸಾಲದು. ಆರನೆಯ ತರಗತಿಯವನು ಬೆರಳು ಮಡಿಚಿ ಎಣಿಸಿದ್ದನ್ನು ನಾನು ಇಷ್ಟು ವರ್ಷ ಈ ಊರಲ್ಲಿದ್ದೂ ಎಣಿಸಿರಲಿಲ್ಲ.

ರಜೆಯ ಉಳಿದ ದಿನಗಳಲ್ಲಿ ಅಕ್ಕ, ತಮ್ಮ ಕೂಡಿ ಬರೆದರು. ಹೊಡೆದಾಟವಿಲ್ಲದೆ ಬರೆದರು ಎಂದರೆ ನೀವು ನಂಬುವುದಿಲ್ಲ, ಹೊಡೆದಾಟವೂ ಆಯಿತು. ಒಂದು ಅಧ್ಯಾಯ ಹಡಗಿನಿಂದ, ಇನ್ನೊಂದು ಗ್ರಹದಿಂದ. ಹಡಗಿಗೆ ಅಡಿಗೆಮನೆ ಬಂತು, ಖಡಕ್ ರೊಟ್ಟಿಯೂ ಬಂತು. ಗ್ರಹದಲ್ಲಿ ಒಂದು ಕೋಟೆ, ಅದರ ಗೋಡೆಯಲ್ಲೊಂದು ಕಿಂಡಿ. ಆ ಕಿಂಡಿಯಿಂದ ಒಂದು ಹುಡುಗಿ ಹತ್ತಿರ ಬರುತ್ತಿರುವ ಹಡಗನ್ನು ನೋಡುತ್ತಾಳೆ. ಮೊದಲು ಅದನ್ನು ನಕ್ಷತ್ರ ಎಂದುಕೊಳ್ಳುತ್ತಾಳೆ. ಕ್ಯಾಪ್ಟನ್ನನ ಕೈಯಲ್ಲಿ ಮೂರು ವರ್ಷದ ಹಳೆಯ ಆಜ್ಞೆ. ಅವನೇನು ಮಾಡುತ್ತಾನೆ ಎಂಬಲ್ಲಿಗೆ ಬಂದು ನಿಂತಿದೆ. ಅಕ್ಕ ಹೇಳುವುದೊಂದು, ತಮ್ಮ ಹೇಳುವುದೊಂದು. ನಾನು ಬಾಯಿ ಹಾಕಿಲ್ಲ.

ಅಜ್ಜ-ಅಜ್ಜಿಯಂದಿರೇ, ಮೊಮ್ಮಕ್ಕಳು ಆಕಾಶದ ಯುದ್ಧ, ರಾಕೆಟ್ಟು ಎಂದು ಹೇಳಲು ಬಂದಾಗ ‘ಅದೇನೋ ಇಂಗ್ಲಿಷ್ ಹುಚ್ಚು’ ಎಂದು ಕಳಿಸಿಬಿಡಬೇಡಿ. ಕನ್ನಡದಲ್ಲೂ ರಾಜಶೇಖರ ಭೂಸನೂರಮಠರಂಥವರು ವಿಜ್ಞಾನ ಕಥೆ ಬರೆದಿದ್ದಾರೆ. ನಿಮಗೆ ರಾಕೆಟ್ ತಿಳಿಯದಿದ್ದರೂ ಚಕ್ಕಡಿ ತಿಳಿದಿದೆ. ಕಾಗದಕ್ಕಾಗಿ ತಿಂಗಳುಗಟ್ಟಲೆ ಕಾದದ್ದು ತಿಳಿದಿದೆ. ಬುತ್ತಿ ಕಟ್ಟುವುದು ತಿಳಿದಿದೆ. ಅವರ ಲೋಕ ಕಟ್ಟಲು ಇದೇ ಸಾಮಾನು ಬೇಕು.

ಮಕ್ಕಳೇ, ನಿಮಗೆ ಈ ವಾರದ ಕೆಲಸ. ನಿಮ್ಮದೇ ಒಂದು ಆಕಾಶ ಹಡಗು ಕಟ್ಟಿ. ಅದಕ್ಕೆ ಹೆಸರಿಡಿ, ಆ ಹೆಸರೇ ಏಕೆ ಎಂದು ಒಂದು ಸಾಲು ಬರೆಯಿರಿ. ಮನೆಗೆ ಸುದ್ದಿ ಮುಟ್ಟಲು ಎಷ್ಟು ದಿನ ಬೇಕು? ಏನು ತಿನ್ನುತ್ತಾರೆ, ಮೊದಲು ಏನು ಮುಗಿಯುತ್ತದೆ? ಹಡಗನ್ನು ಯಾವುದರಿಂದ ಕಟ್ಟಿದರು, ಅದನ್ನು ಎಲ್ಲಿಂದ ತಂದರು? ಕೊನೆಯದಾಗಿ, ಆ ಹಡಗು ಹೋಗಿ ಇಳಿಯುವ ಜಾಗದಲ್ಲಿ ಯಾರಿದ್ದಾರೆ? ಇದನ್ನು ಬರೆಯಲು ಕಷ್ಟವಾದರೆ ಅಜ್ಜಿಯ ಹತ್ತಿರ ಕುಳಿತು ಬರೆಯಿರಿ.

ಮೋಡವಿಲ್ಲದ ರಾತ್ರಿ ಮಾಳಿಗೆ ಹತ್ತಿ, ಉತ್ತರಕ್ಕೆ ಮುಖ ಮಾಡಿ, ಒಂದೂವರೆ ಮುಷ್ಟಿ ಎತ್ತರದಲ್ಲಿ ಹುಡುಕಿ. ಧ್ರುವ ನಕ್ಷತ್ರ ಭಾರಿ ಹೊಳೆಯುವುದಿಲ್ಲ, ತಾಳ್ಮೆ ಬೇಕು. ಮೊನ್ನೆ ರಾಮದುರ್ಗದಿಂದ ಫೋನ್ ಬಂದಿತ್ತು. ‘ಅಜ್ಜಾ, ಸಿಕ್ತು,’ ಎಂದ ಮೊಮ್ಮಗ. ಆಮೇಲೆ, ‘ಕಿಂಡ್ಯಾಗಿನ ಹುಡುಗಿಗೆ ಹೆಸರಿಟ್ಟೀವಿ. ಈಗ ಹೇಳೂದಿಲ್ಲ,’ ಎಂದ.

ದೀಪಾವಳಿಗೆ ಬಂದಾಗ ಕೇಳುತ್ತೇನೆ.